ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರ್

ಕಾಪು
ಆಗಸ್ಟ್ 3, 2025, ಭಾನುವಾರ

ಶ್ರೇಯಾ ಮಗಾ,

ಈ ಪತ್ರ ಸಿಗಡಿ ಚಟ್ನಿ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಉಂಟು. ಎಣ್ಣೆ ತಾಗಿದ್ದರೆ ಬೈಯಬೇಡ. ಕಾರ್ಕಳ ಬಸ್ಸಿನ ಕಂಡಕ್ಟರ್ ಜಿತೇಂದ್ರನ ಕೈಯಲ್ಲಿ ಡಬ್ಬಿ ಕೊಟ್ಟಿದ್ದೇನೆ. ಖಾಲಿ ಮಾಡಿ ಅವನ ಕೈಯಲ್ಲೇ ವಾಪಸು ಕಳಿಸು, ಒಳಗೆ ಉತ್ತರ ಇಡು. ಹಾಸ್ಟೆಲಿನಿಂದ ಹೋಗುವ ಪತ್ರಗಳನ್ನೆಲ್ಲ ನಿಮ್ಮ ವಾರ್ಡನ್ ಒಡೆದು ಓದುತ್ತಾರೆ ಎಂದಿದ್ದೆಯಲ್ಲ. ಒಣ ಸಿಗಡಿಯ ವಾಸನೆಗೆ ಅವರು ಈ ಡಬ್ಬಿಯ ಹತ್ತಿರ ಬರಲಿಕ್ಕಿಲ್ಲ.

ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರ ಯಾಕೆ ಎಂದು ನೀನು ಕೇಳಬಹುದು. ನಿನ್ನ ದೊಡ್ಡಪ್ಪನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಮಾರಾಯ್ತಿ. ಬೋಟಿನ ಇಂಜಿನ್ ಬದಿಯಲ್ಲಿ ನಲವತ್ತು ವರ್ಷ ಕೂತು ಕಿವಿ ಮಂದ ಆಗಿದೆ. ಕಳೆದ ವಾರ ನಿನಗೆ ಹೊಟ್ಟೆನೋವು ಉಂಟಾ ಎಂದು ಕೇಳಿದ್ದಕ್ಕೆ ಅಂಗಳದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಆರು ಗಂಡಸರು ತಲೆ ಎತ್ತಿದರು. ಹೆಂಗಸರ ವಿಷಯ ಸ್ಪೀಕರಿನಲ್ಲಿ ಆಗುವಂಥದ್ದಲ್ಲ.

ವಿಷಯ ಎಂತದೆಂದರೆ, ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ನಿನ್ನ ತಿಂಗಳ ಗುರುತು ಜೂನಿನಲ್ಲೂ ಇಲ್ಲ, ಜುಲೈಯಲ್ಲೂ ಇಲ್ಲ. ನೀನು ಹೇಳಲು ಮರೆತದ್ದಾ, ನಾನು ಬರೆಯಲು ಮರೆತದ್ದಾ? ತಾರೀಕು ಬರೆದು ಕಳಿಸು.

ಸೆಪ್ಟೆಂಬರ್ 17ಕ್ಕೆ, ಸಂಕ್ರಮಣದ ದಿನ, ಮನೆಯ ದೈವಕ್ಕೆ ತಂಬಿಲದ ಪೂಜೆ. ನೀನು ಬರಲೇಬೇಕು. ಆ ದಿನ ನೀನು ಹೊರಗೆ ಕೂರುವ ಹಾಗೆ ಆಗಬಾರದೆಂದು ಫೌಸ್ಟಿನರ ಮೆಡಿಕಲ್ ಅಂಗಡಿಯಿಂದ ಮುಂದೆ ಹಾಕುವ ಮಾತ್ರೆ ತಂದು ಚಟ್ನಿ ಜೊತೆ ಇಟ್ಟಿದ್ದೇನೆ. 14ರಿಂದ ಶುರು ಮಾಡು. ಮೊನ್ನೆ ನಾಗರಪಂಚಮಿಗೆ ತೆಗೆದುಕೊಂಡ ಹಾಗೆಯೇ. ನಿನಗೆ ರೂಢಿ ಉಂಟಲ್ಲ.

ದೊಡ್ಡಮ್ಮ ನಳಿನಾಕ್ಷಿ


ಕಾರ್ಕಳ
ಆಗಸ್ಟ್ 10, 2025

ಪ್ರೀತಿಯ ದೊಡ್ಡಮ್ಮ,

ಚಟ್ನಿ ಮೂರು ದಿನದಲ್ಲಿ ಮುಗಿಯಿತು. ಅದರಲ್ಲಿ ನನಗೆ ಸಿಕ್ಕಿದ್ದು ಎರಡು ಚಮಚ. ಉಳಿದದ್ದು ರೂಮಿನ ಹುಡುಗಿಯರ ಹೊಟ್ಟೆಗೆ. ಇಲ್ಲಿಯ ಸಾಂಬಾರಿನಲ್ಲಿ ತರಕಾರಿ ಹುಡುಕುವುದಕ್ಕಿಂತ ಫಿಸಿಕ್ಸ್ ಲೆಕ್ಕ ಸುಲಭ.

ನಾನು ಫಿಶರೀಸ್ ಕಾಲೇಜು ಸೇರಬೇಕೆಂದರೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬೇಕು. ಮೀನು ಕಲಿಯಲು ಕಾಪುವಿನ ಸಮುದ್ರ ಬಿಟ್ಟು ಕಾರ್ಕಳದ ಬಂಡೆ ಹತ್ತಿದ್ದಾಳೆ ನಿನ್ನ ತಂಗಿಯ ಮಗಳು ಎಂದು ದೊಡ್ಡಪ್ಪ ಈಗಲೂ ನಗುತ್ತಾರಾ? ನಗಲಿ. ನಾನು ಬೆಳಿಗ್ಗೆ ತಿಂಡಿ ಬಿಟ್ಟು ಓದುತ್ತಿದ್ದೇನೆ.

ತಾರೀಕು ಕೇಳಿದ್ದಿರಿ. ಆಗಸ್ಟ್ 2 ಎಂದು ಬರೆಯಿರಿ. ಎಲ್ಲ ಸರಿ ಉಂಟು.

ಮುಂದಿನ ಡಬ್ಬಿಯಲ್ಲಿ ಪ್ಯಾಡ್ ಎರಡು ಪ್ಯಾಕೆಟ್ ಇಡಿ. ನನಗಲ್ಲ, ರೂಮಿನ ಒಬ್ಬಳಿಗೆ.

ನಿಮ್ಮ ಶ್ರೇಯಾ


ಕಾಪು
ಆಗಸ್ಟ್ 17, 2025

ಶ್ರೇಯಾ,

ಮೂರು ಪ್ಯಾಕೆಟ್ ಇಟ್ಟಿದ್ದೇನೆ. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ರೂಮಿನ ಒಬ್ಬಳಿಗೆ ಮನೆ ಇಲ್ಲವಾ? ದೊಡ್ಡಮ್ಮ ಇಲ್ಲವಾ? ಕಾರ್ಕಳದಲ್ಲಿ ಅಂಗಡಿ ಇಲ್ಲವಾ?

ನಿನ್ನ ಅಮ್ಮ ಮುಂಬಯಿಗೆ ಕ್ಯಾಂಟೀನ್ ನಡೆಸಲು ಹೋಗುವಾಗ ನಿನಗೆ ಹನ್ನೊಂದು ತಿಂಗಳು. ಆವತ್ತಿನಿಂದ ನಿನ್ನನ್ನು ಸಾಕಿದವಳು ನಾನು. ನೀನು ಸುಳ್ಳು ಹೇಳುವಾಗ ಮೊದಲು ಊಟದ ವಿಷಯ ಎತ್ತುತ್ತಿ. ನಾಲ್ಕನೇ ಕ್ಲಾಸಿನಲ್ಲಿ ಕೊಡೆ ಕಳೆದಾಗಲೂ ಹಾಗೆಯೇ, ಮನೆಗೆ ಬಂದವಳೇ ದೋಸೆ ಚೆನ್ನಾಗಿ ಉಂಟು ಎಂದಿದ್ದಿ. ಆ ದಿನ ನಾನು ದೋಸೆ ಮಾಡಿರಲೇ ಇಲ್ಲ.

ಎಳ್ಳು ಬೆಲ್ಲದ ಉಂಡೆ ಕಳಿಸಿದ್ದೇನೆ. ಮೈಗೆ ಉಷ್ಣ, ತಿಂಗಳದ್ದು ಸರಿಯಾಗಿ ಬರುತ್ತದೆ. ಅನಾನಸು ತಿನ್ನಬೇಡ, ತಿಂದರೆ ಜಾಸ್ತಿ ಹೋಗುತ್ತದಂತೆ. ಈ ಎರಡರಲ್ಲಿ ಯಾವುದು ನಿನಗೆ ಲಾಗು ಆಗುತ್ತದೆಂದು ನೀನೇ ನೋಡಿಕೋ, ನನಗೆ ನೀನು ಏನೂ ಹೇಳಿಲ್ಲ.

ದೊಡ್ಡಮ್ಮ


ಕಾರ್ಕಳ
ಆಗಸ್ಟ್ 31, 2025

ದೊಡ್ಡಮ್ಮ,

ಉಂಡೆ ಚೆನ್ನಾಗಿತ್ತು. ಇಲ್ಲ, ಉಂಡೆಯ ಮಾತು ಬಿಡುತ್ತೇನೆ. ನಿಮಗೆ ಗೊತ್ತಾಗುತ್ತದೆ.

ಮೇ ತಿಂಗಳಲ್ಲಿ ಎರಡು ಸಲ ಬಂತು. ಜೂನಿನಲ್ಲಿ ಇಲ್ಲವೇ ಇಲ್ಲ. ಜುಲೈಯಲ್ಲೂ ಇಲ್ಲ. ಆಗಸ್ಟ್ 2ಕ್ಕೆ ಶುರುವಾದದ್ದು ನಿಂತದ್ದು 14ಕ್ಕೆ. ಈಗ ಮತ್ತೆ ನಾಲ್ಕು ದಿನದಿಂದ ಸ್ವಲ್ಪ ಸ್ವಲ್ಪ. ಪ್ಯಾಡ್ ನನಗೇ. ಕಳೆದ ಶುಕ್ರವಾರ ಲ್ಯಾಬಿನಲ್ಲಿ ತಲೆ ತಿರುಗಿ ಸ್ಟೂಲಿನಿಂದ ಜಾರಿದೆ. ಗಾಜಿನ ಸಾಮಾನು ಒಂದೂ ಒಡೆಯಲಿಲ್ಲ, ಅದಕ್ಕೆ ಸರ್ ನನ್ನನ್ನು ಹೊಗಳಿದರು.

ವಾರ್ಡನ್ ಝೀಟಾ ಮ್ಯಾಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಶನಿವಾರ ಮಣಿಪಾಲಕ್ಕೆ ಹೆಂಗಸರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಮನೆಯಿಂದ ಒಪ್ಪಿಗೆಯ ಚೀಟಿ ತರಿಸು ಎಂದರು. ನನಗೆ ಹೆದರಿಕೆ ಆಗುತ್ತದೆ ದೊಡ್ಡಮ್ಮ. ಒಳಗೆ ಏನೋ ದೊಡ್ಡದು ಆಗಿದೆಯಾ ಎಂದು ಅನಿಸುತ್ತದೆ. ಚೀಟಿಗೆ ಸೈನ್ ಹಾಕಿ ಕಳಿಸಿ. ದೊಡ್ಡಪ್ಪನಿಗೆ ಹೇಳಬೇಡಿ.

ಶ್ರೇಯಾ


ಕಾಪು
ಸೆಪ್ಟೆಂಬರ್ 2, 2025

ಮಗಾ,

ನಿನ್ನ ಪತ್ರ ಓದಿ ನಿನ್ನೆ ಸಾರಿಗೆ ಉಪ್ಪು ಹಾಕಿಲ್ಲ. ನಿನ್ನ ದೊಡ್ಡಪ್ಪ ಸುಮ್ಮನೆ ಉಂಡು ಎದ್ದರು.

ಡಾಕ್ಟರ್ ಬೇಡ. ಮದುವೆ ಆಗದ ಹುಡುಗಿ ಹೆಂಗಸರ ಡಾಕ್ಟರ ಬಾಗಿಲಲ್ಲಿ ಬಸುರಿಯರ ನಡುವೆ ಕೂತರೆ ನೋಡಿದವರು ಎಂತ ಹೇಳಬೇಕು? ಮಣಿಪಾಲದ ಆಸ್ಪತ್ರೆಯಲ್ಲಿ ಯಾವಾಗ ಹೋದರೂ ಕಾಪುವಿನ ನಾಲ್ಕು ಜನ ಇದ್ದೇ ಇರುತ್ತಾರೆ. ಕಾಯಿಲೆ ಇಲ್ಲದಿದ್ದರೂ ಇರುತ್ತಾರೆ.

ಇದೆಲ್ಲ ಆ ಹಾಸ್ಟೆಲಿನಿಂದ. ಕಾರಣ ನಾನು ಯೋಚಿಸಿದ್ದೇನೆ. ಒಂದು, ಫ್ಯಾನಿನ ಅಡಿಯಲ್ಲಿ ಒದ್ದೆ ತಲೆಯಲ್ಲಿ ಮಲಗುವುದು. ಮತ್ತೆ ಆ ಬ್ಯಾಡ್ಮಿಂಟನ್. ಮತ್ತೆ ದೃಷ್ಟಿ, ಹತ್ತನೇ ಕ್ಲಾಸಿನ ಫೋಟೋ ಪೇಪರಿನಲ್ಲಿ ಬಂದ ಮೇಲೆ ನಾನು ಒಂದು ದಿನವೂ ದೃಷ್ಟಿ ತೆಗೆದಿಲ್ಲ. ಟ್ರಂಕು ಕಟ್ಟಿ ಇಡು. ಕಲಿತದ್ದು ಸಾಕು. ತಂಬಿಲಕ್ಕೆ ಬಂದವಳು ವಾಪಸು ಹೋಗುವುದು ಬೇಡ, ಮನೆಯಲ್ಲಿ ಇದ್ದು ಮೈ ನೋಡಿಕೋ. ಮಾತ್ರೆ 14ರಿಂದ ತೆಗೆದುಕೊಳ್ಳಲು ಮರೆಯಬೇಡ.

ಚೀಟಿ ಕಳಿಸಿಲ್ಲ. ಬೈಗುಳ ಮಾತ್ರ ಕಳಿಸಿದ್ದೇನೆ, ಮತ್ತೆ ಬಂಗುಡೆ ಫ್ರೈ.

ದೊಡ್ಡಮ್ಮ


ಕಾರ್ಕಳ
ಸೆಪ್ಟೆಂಬರ್ 7, 2025

ದೊಡ್ಡಮ್ಮ,

ಹೋಗಿಯಾಯಿತು. ನನಗೆ ಆಗಸ್ಟಿಗೆ ಹದಿನೆಂಟು ತುಂಬಿದೆ, ಚೀಟಿಗೆ ನಾನೇ ಸೈನ್ ಹಾಕಬಹುದು ಎಂದು ಝೀಟಾ ಮ್ಯಾಡಂಗೆ ಹೇಳಿದೆ. ಅವರಿಗೂ ಅದು ನೆನಪಿರಲಿಲ್ಲ. ನೀವು ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಸ್ಕ್ಯಾನಿಂಗಿಗೆ ಒಂದು ಲೀಟರ್ ನೀರು ಕುಡಿದು, ಮೂತ್ರ ಹಿಡಿದುಕೊಂಡು ಬರಬೇಕಂತೆ. ಮಣಿಪಾಲದಲ್ಲಿ ಕುಡಿದರೆ ಸಾಕಿತ್ತು. ಮ್ಯಾಡಂ ಶಿಸ್ತಿನವರು, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲೇ ಕುಡಿಸಿದರು. ಹಿರಿಯಡ್ಕದವರೆಗೆ ನಾನು ಮನುಷ್ಯಳಾಗಿದ್ದೆ. ಆಮೇಲೆ ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿದಾಗಲೆಲ್ಲ ನಾನು ಮನೆಯ ದೈವವನ್ನು ನೆನೆದೆ. ಪರ್ಕಳದ ಏರಿನಲ್ಲಿ ಮೂಲವಸ್ತುಗಳ ಪಟ್ಟಿ ಹೈಡ್ರೋಜನ್ನಿನಿಂದ ಶುರು ಮಾಡಿ ಜೋರಾಗಿ ಹೇಳತೊಡಗಿದೆ. ಪಕ್ಕದ ಸೀಟಿನ ಅಜ್ಜಿ ಮಂತ್ರವೆಂದು ತಿಳಿದು ಕೈ ಮುಗಿದರು. ಅಲ್ಲಿ ಮುಟ್ಟಿದರೆ ಸ್ಕ್ಯಾನಿಂಗಿನವರು ಚಾ ಕುಡಿಯಲು ಹೋಗಿದ್ದರು. ಬಂದು ನೋಡಿ, ಇಷ್ಟೊಂದು ಬೇಡ, ಸ್ವಲ್ಪ ಹೋಗಿ ಬಾ ಎಂದರು. ಸ್ವಲ್ಪ ಹೋಗುವುದು ಹೇಗೆಂದು ಯಾವ ಪುಸ್ತಕದಲ್ಲೂ ಇಲ್ಲ ದೊಡ್ಡಮ್ಮ.

ಡಾಕ್ಟರ್ ಪ್ರಭಾವತಿ ಅಂತ. ಕೇಳಿದ್ದಕ್ಕೆಲ್ಲ ಮ್ಯಾಡಮ್ಮೇ ಉತ್ತರ ಹೇಳುತ್ತಿದ್ದರು, ಡಾಕ್ಟರ್ ಅವರನ್ನು ಹೊರಗೆ ಕೂರಿಸಿದರು. ಮೊದಲು ಯಾವಾಗ ಶುರುವಾದದ್ದು, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ತೂಕ ಇಳಿದಿದೆಯಾ, ಮುಖದಲ್ಲಿ ಕೂದಲು ಮೊಡವೆ ಜಾಸ್ತಿ ಆಗಿದೆಯಾ, ನಿದ್ದೆ ಮಾಡುತ್ತೀಯಾ, ಹೀಗೆ ಕೇಳಿದರು. ಗೆಳೆಯ ಇದ್ದಾನಾ ಎಂದೂ ಕೇಳಿದರು. ಇಲ್ಲ, ಸದ್ಯಕ್ಕೆ ನನಗೆ ತೊಂದರೆ ಕೊಡುವ ಗಂಡಸು ಫಿಸಿಕ್ಸ್ ಸರ್ ಒಬ್ಬರೇ ಎಂದೆ. ತಿಂಗಳದ್ದು ಸರಿಯಾಗಿ ಬರಲು ಮೆದುಳು, ಥೈರಾಯ್ಡ್, ಅಂಡಾಶಯ ಎಲ್ಲ ಒಪ್ಪಬೇಕಂತೆ, ನಮ್ಮ ಹಾಸ್ಟೆಲಿನ ರಜೆ ಚೀಟಿಯ ಹಾಗೆ. ಎಲ್ಲಿ ಸೈನ್ ಆಗಿಲ್ಲ ಎಂದು ನೋಡಲು ರಕ್ತ ತೆಗೆದರು.

ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದು ಎರಡು ಸಲ ಕೇಳಿದರು. ಒಂದೂ ಇಲ್ಲ, ಜ್ವರಕ್ಕೂ ನಮ್ಮ ದೊಡ್ಡಮ್ಮ ಕಷಾಯವೇ ಕೊಡುವುದು ಎಂದು ಹೆಮ್ಮೆಯಿಂದ ಹೇಳಿದೆ.

ರಿಪೋರ್ಟು ಮುಂದಿನ ಶನಿವಾರ. ಆ ದಿನದಿಂದ ನನಗೆ ಪರೀಕ್ಷೆ ಶುರು, ಮ್ಯಾಡಂ ತರುತ್ತಾರೆ. ಟ್ರಂಕು ಕಟ್ಟಿಲ್ಲ.

ಶ್ರೇಯಾ


ಕಾಪು
ಸೆಪ್ಟೆಂಬರ್ 10, 2025

ಶ್ರೇಯಾ,

ಡಬ್ಬಿಯೊಳಗೆ ನಿನ್ನ ಪತ್ರಕ್ಕೆ ಅಂಟಿಕೊಂಡು ಲ್ಯಾಬಿನ ಒಂದು ಚೀಟಿಯೂ ಬಂದಿದೆ. ಇಂಗ್ಲಿಷ್ ನನಗೆ ಬರುವುದಿಲ್ಲ. ಮೀನು ತೆಗೆದುಕೊಂಡು ಬರುವಾಗ ಹಾಗೇ ಫೌಸ್ಟಿನರ ಮೆಡಿಕಲ್ ಅಂಗಡಿಗೆ ಹೋಗಿ ಓದಿಸಿದೆ. ಅವರು ಕನ್ನಡಕ ಹಾಕಿಕೊಂಡು, ಅಂಗಡಿ ತುಂಬ ಜನ ಇರುವಾಗ, ಪ್ರೆಗ್ನೆನ್ಸಿ ಟೆಸ್ಟ್ ಎಂದು ಓದಿದರು. ನನ್ನ ಕೈಯಲ್ಲಿದ್ದ ಬಂಗುಡೆ ಚೀಲ ಕೆಳಗೆ ಬಿತ್ತು. ಅವರು ಮುಂದಿನ ಶಬ್ದ ಓದುವುದರೊಳಗೆ ನಾನು ಮನಸ್ಸಿನಲ್ಲೇ ನಿನ್ನನ್ನು ಬೈದು, ಮದುವೆ ಮಾಡಿಸಿ, ಬಾಣಂತಿಗೆ ಎಣ್ಣೆ ಕಾಸಿಯಾಗಿತ್ತು. ಆಮೇಲೆ ನೆಗೆಟಿವ್ ಎಂದರು. ಅದನ್ನು ಯಾರು ಹೋದರೂ ಮಾಡುತ್ತಾರಂತೆ. ಮೊದಲೇ ಬರೆಯಲು ನಿನಗೆ ಏನಾಗಿತ್ತು?

ಚೀಟಿ ಮಡಚಿ ಕೊಡುವಾಗ ಫೌಸ್ಟಿನರು ನನ್ನ ಹತ್ತಿರ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ತಂಬಿಲದ ಮಾತ್ರೆ ಮುಟ್ಟಬೇಡ. ಯಾಕೆಂದು ಕೇಳಬೇಡ. ಶನಿವಾರ ಮಣಿಪಾಲಕ್ಕೆ ನಾನೇ ಹೋಗುತ್ತೇನೆ. ವಾರ್ಡನ್ ಹತ್ತಿರ ಡಾಕ್ಟರಿಗೆ ಒಂದು ಚೀಟಿ ಬರೆಸಿ, ನೀನೂ ಸೈನ್ ಹಾಕಿ, ಜಿತೇಂದ್ರನ ಕೈಯಲ್ಲಿ ಕಳಿಸು.

ದೊಡ್ಡಮ್ಮ


ಕಾರ್ಕಳ
ಸೆಪ್ಟೆಂಬರ್ 11, 2025

ದೊಡ್ಡಮ್ಮ,

ಮಾತ್ರೆ ಬೇಡ ಎಂದರೆ ತಂಬಿಲಕ್ಕೆ ನಾನೇ ಬೇಡ ಎಂದು ಅರ್ಥವಾ? ನೆಗೆಟಿವ್ ಎಂದರೆ ಇಲ್ಲ ಎಂದು. ಅದನ್ನು ನೀವು ನಂಬಿದ್ದೀರಿ ತಾನೇ?

ನೀವು ಡಾಕ್ಟರ್ ಹತ್ತಿರ ಹೋಗುವುದು ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಕಾರಣ ಬರೆಸಿಕೊಳ್ಳುವುದಕ್ಕೆ ಎಂದು ನನಗೆ ಗೊತ್ತು. ಈಗ ಮನೆಗೆ ಬಂದರೆ ಈ ವರ್ಷ ಹೋಯಿತು, ಫಿಶರೀಸ್ ಕಾಲೇಜೂ ಹೋಯಿತು. ನನಗೆ ಬೇರೆ ಯಾವುದೂ ಓದಬೇಕೆಂದು ಇಲ್ಲ ದೊಡ್ಡಮ್ಮ. ಟ್ರಂಕಿಗೆ ಬೀಗ ಹಾಕಿ ಕೀಲಿಕೈ ಝೀಟಾ ಮ್ಯಾಡಂ ಕೈಯಲ್ಲಿ ಕೊಟ್ಟಿದ್ದೇನೆ. ಒಳಗೆ ನನ್ನ ಸಾಕ್ಸ್ ಎಲ್ಲ ಉಂಟು, ನಿಮ್ಮ ಉತ್ತರ ಬರುವ ಸೋಮವಾರದವರೆಗೆ ಒಂದೇ ಜೊತೆಯಲ್ಲಿ ಇರುತ್ತೇನೆ.

ಚೀಟಿ ಇಟ್ಟಿದ್ದೇನೆ. ಡಾಕ್ಟರ್ ಹತ್ತಿರ ಜಗಳ ಮಾಡಬೇಡಿ.

ಶ್ರೇಯಾ


ಕಾಪು
ಸೆಪ್ಟೆಂಬರ್ 14, 2025, ಭಾನುವಾರ

ನನ್ನ ಮಗಾ,

ಮೊದಲು ಇದನ್ನು ಓದು: ನಿನಗೆ ದೊಡ್ಡ ಕಾಯಿಲೆ ಯಾವುದೂ ಇಲ್ಲ. ಥೈರಾಯ್ಡ್ ಸರಿ ಉಂಟು, ಸ್ಕ್ಯಾನಿಂಗ್ ಸರಿ ಉಂಟು. ರಕ್ತ ಸ್ವಲ್ಪ ಕಡಿಮೆ. ಟ್ರಂಕಿನ ಕೀಲಿಕೈ ವಾಪಸು ತೆಗೆದುಕೊಂಡು ಸಾಕ್ಸ್ ಬದಲಾಯಿಸು.

ಇನ್ನು ಉಳಿದದ್ದು. ಬಾಗಿಲ ಹಿಂದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಪೇಪರಿನಲ್ಲಿ ಸುತ್ತಿ ಮಣಿಪಾಲಕ್ಕೆ ಕೊಂಡುಹೋಗಿದ್ದೆ. ಡಾಕ್ಟರ್ ಪ್ರಭಾವತಿ ಅದನ್ನು ಮೇಜಿನ ಮೇಲೆ ಹರಡಿ ನೋಡಿದರು. ಇಷ್ಟು ಚೆನ್ನಾಗಿ ತಾರೀಕು ಇಟ್ಟವರನ್ನು ನಾನು ನೋಡಿಲ್ಲ ಎಂದರು. ನನಗೆ ಖುಷಿಯಾಯಿತು. ಸಾಸಿವೆ ಒಗ್ಗರಣೆಯ ವಾಸನೆ ಬರುತ್ತಿತ್ತು, ಅದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಬೆರಳು ಇಟ್ಟು ಕೇಳಿದರು, ಈ ನಾಲ್ಕು ಕಡೆ ಅರಿಶಿನದ ಬೊಟ್ಟು ಎಂತಕ್ಕೆ?

ನಾನು ಹೇಳಿದೆ, ಏಪ್ರಿಲಿನಲ್ಲಿ ಗೃಹಪ್ರವೇಶ, ಮೇ ಶುರುವಿಗೆ ದೈವದ ನೇಮ, ಮೇ ಕೊನೆಗೆ ಮದುವೆ, ಜುಲೈಯಲ್ಲಿ ನಾಗರಪಂಚಮಿ. ಹುಡುಗಿ ಹೊರಗೆ ಕೂರಬಾರದೆಂದು ಮುಂದೆ ಹಾಕಲು ಕೊಟ್ಟದ್ದು.

"ಮಾತ್ರೆ ಒಂದೂ ತೆಗೆದುಕೊಂಡಿಲ್ಲ ಅಂತ ಹುಡುಗಿ ಹೇಳಿದ್ದಾಳಲ್ಲ?"

"ಅದು ಮಾತ್ರೆ ಅಲ್ಲ ಡಾಕ್ಟ್ರೇ. ಅದು ದೇವರ ಕೆಲಸಕ್ಕೆ ಕೊಡುವುದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗು ತಡೆದದ್ದೋ ಸಿಟ್ಟು ತಡೆದದ್ದೋ ನನಗೆ ಗೊತ್ತಾಗಲಿಲ್ಲ. ನೀನು ಸುಳ್ಳು ಹೇಳಿದ್ದಲ್ಲ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಮದ್ದು ಎಂದು ಲೆಕ್ಕಕ್ಕೆ ಹಿಡಿದೇ ಇಲ್ಲ. ಅಂಗಡಿಯಲ್ಲಿ ಫೌಸ್ಟಿನರು ಕೇಳಿದ್ದೂ ಇದನ್ನೇ, ಈ ವರ್ಷ ಆ ಹುಡುಗಿಗೆ ಎಷ್ಟು ಸಲ ಕೊಟ್ಟಿರಿ ನಳಿನಾಕ್ಷಿಯಕ್ಕ ಎಂದು. ಕೊಡುವಾಗ ಒಂದು ದಿನವೂ ಕೇಳದವರು ಆವತ್ತು ಕೇಳಿದರು. ನಾನೂ ಅವರೂ ಒಂದೇ.

ಅಪರೂಪಕ್ಕೆ ಒಮ್ಮೆ, ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಅಂಥ ತೊಂದರೆ ಇಲ್ಲವಂತೆ. ನಾಲ್ಕು ತಿಂಗಳಲ್ಲಿ ನಾಲ್ಕು ಸಲ ನಿಲ್ಲಿಸಿ ಬಿಟ್ಟು ಮಾಡಿದರೆ ಮೈ ಗಲಿಬಿಲಿ ಆಗುತ್ತದೆ. ಅದರ ಮೇಲೆ ನೀನು ತಿಂಡಿ ಬಿಟ್ಟು, ನಿದ್ದೆ ಬಿಟ್ಟು ಐದು ಕಿಲೋ ಇಳಿದಿದ್ದಿ. ಈಗ ಮಾತ್ರೆ ನಿಲ್ಲಿಸಬೇಕು, ಸರಿಯಾಗಿ ಉಣ್ಣಬೇಕು, ಮಲಗಬೇಕು, ಮೂರು ತಿಂಗಳು ತಾರೀಕು ಬರೆದಿಡಬೇಕು. ಸರಿಯಾಗದಿದ್ದರೆ ಮತ್ತೆ ನೋಡುತ್ತಾರಂತೆ. ಕಾರಣದ ಪಟ್ಟಿಯಲ್ಲಿ ನಾನು ಫ್ಯಾನು, ಬ್ಯಾಡ್ಮಿಂಟನ್ ಎಲ್ಲ ಬರೆದಿದ್ದೆ. ನನ್ನ ಹೆಸರು ಬರೆಯುವುದನ್ನು ಬಿಟ್ಟಿದ್ದೆ.

ಇನ್ನೊಂದು ಉಂಟು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ ಎಂದು ಕೇಳಿದರು. ಇಲ್ಲ ಎಂದು ಹೇಳಿ ಎದ್ದು ಬಸ್‌ಸ್ಟ್ಯಾಂಡಿಗೆ ಬಂದೆ. ಉಡುಪಿ ಬಸ್ಸು ಬಂತು. ಹತ್ತಲಿಲ್ಲ. ವಾಪಸು ಹೋಗಿ ಅವರ ಬಾಗಿಲಲ್ಲಿ ನಿಂತು, ನನಗೆ ಇತ್ತು ಎಂದೆ.

ನನ್ನ ಮದುವೆಯಾದ ಮೇಲೆ ಆರು ವರ್ಷ, ತಿಂಗಳು ಬಿಟ್ಟು ತಿಂಗಳು, ಒಮ್ಮೊಮ್ಮೆ ನಾಲ್ಕು ತಿಂಗಳಿಗೊಮ್ಮೆ. ಮಕ್ಕಳಾಗಲೆಂದು ಹರಕೆ ಹೊತ್ತರು, ತಾಯಿತ ಕಟ್ಟಿದರು. ಡಾಕ್ಟರ್ ಹತ್ತಿರ ಒಬ್ಬರೂ ಕರೆದುಕೊಂಡು ಹೋಗಲಿಲ್ಲ, ನಾನೂ ಕೇಳಲಿಲ್ಲ, ನಾಚಿಕೆ. ಎಂತ ಆಗಿತ್ತೆಂದು ಈಗ ಹೇಳಲು ಆಗುವುದಿಲ್ಲ, ಆಗಲೇ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರ್. ನಾನು ಬಸ್ಸಿನಲ್ಲಿ ಅತ್ತೆ ಮಗಾ. ನನಗೆ ನೀನು ಸಿಕ್ಕಿದ್ದಿ, ಅದಕ್ಕಲ್ಲ. ಅದೇ ನಾಚಿಕೆಯನ್ನು ನಿನ್ನ ಕೊರಳಿಗೂ ಕಟ್ಟಲು ಹೊರಟಿದ್ದೆನಲ್ಲ ಎಂದು.

ತಂಬಿಲಕ್ಕೆ ಪರೀಕ್ಷೆ ಬಿಟ್ಟು ಬರಬೇಡ. ದೈವಕ್ಕೆ ನಾನು ಕೈ ಮುಗಿದು ಹೇಳುತ್ತೇನೆ. ನನ್ನ ಮಾತು ದೈವಕ್ಕೆ ಅರ್ಥವಾಗುತ್ತದೆ, ಉಳಿದವರಿಗೆ ನಾನು ಅರ್ಥ ಮಾಡಿಸುತ್ತೇನೆ.

ದೊಡ್ಡಮ್ಮ


ಕಾರ್ಕಳ
ಸೆಪ್ಟೆಂಬರ್ 16, 2025

ದೊಡ್ಡಮ್ಮ,

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಮಾತ್ರೆ ವಾಪಸು ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಐದು ಇಡ್ಲಿ ತಿಂದೆ, ಆರನೆಯದ್ದಕ್ಕೆ ಝೀಟಾ ಮ್ಯಾಡಂ ತಡೆದರು.

ನಿಮ್ಮ ಮೇಲೆ ನನಗೆ ಸಿಟ್ಟು ಇಲ್ಲ. ನಿಮ್ಮ ಆರು ವರ್ಷದ ಮೇಲೆ ಸಿಟ್ಟು ಉಂಟು. ಆಗ ನಾನು ಇರಲಿಲ್ಲ, ಇದ್ದಿದ್ದರೆ ಬಸ್‌ಸ್ಟ್ಯಾಂಡಿನಲ್ಲೇ ನೀರು ಕುಡಿಸಿ ಕರೆದುಕೊಂಡು ಹೋಗುತ್ತಿದ್ದೆ.

ತಾರೀಕು ಬಂದರೆ ಭಾನುವಾರ ಫೋನಿನಲ್ಲಿ ಹೇಳುತ್ತೇನೆ. ದೊಡ್ಡಪ್ಪನ ಸ್ಪೀಕರಿಗೆ ಅರ್ಥವಾಗದ ಹಾಗೆ, ಕ್ಯಾಲೆಂಡರ್ ನೋಡಿದೆ ಎನ್ನುತ್ತೇನೆ.

ಶ್ರೇಯಾ


ಕಾಪು
ಅಕ್ಟೋಬರ್ 6, 2025

ಶ್ರೇಯಾ ಮಗಾ,

ಮೊದಲು ತಂಬಿಲದ ಸುದ್ದಿ. ಅಡುಗೆ ಮಾಡುವಾಗ ಹೆಂಗಸರಿಗೆಲ್ಲ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಪರ್ಸಿನಿಂದ, ಸೆರಗಿನ ಗಂಟಿನಿಂದ ಮಾತ್ರೆ ಹೊರಗೆ ಬಂತು. ಐದು ಜನರದ್ದು. ಅದರಲ್ಲಿ ಒಬ್ಬಳಿಗೆ ಐವತ್ತೆಂಟು ವರ್ಷ, ಅವಳಿಗೆ ಎಂತಕ್ಕೆಂದು ಕೇಳಿದರೆ ಎಲ್ಲರೂ ತೆಗೆದುಕೊಳ್ಳುತ್ತಾರಲ್ಲ ಎಂದಳು.

ನಿನ್ನೆ ನೀನು ಫೋನಿನಲ್ಲಿ, "ದೊಡ್ಡಮ್ಮ, ಇವತ್ತು ಬೆಳಿಗ್ಗೆ ಕ್ಯಾಲೆಂಡರ್ ನೋಡಿದೆ" ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ನಿನ್ನ ದೊಡ್ಡಪ್ಪ ಎದುರಿಗೇ ಇದ್ದರು. ಒಳ್ಳೆಯದಾಯಿತು, ಚೆನ್ನಾಗಿ ಓದು ಎಂದು ಹೇಳಿ ಫೋನು ಇಟ್ಟು, ಬಚ್ಚಲಿಗೆ ಹೋಗಿ ಮುಖ ತೊಳೆದೆ. ಆಮೇಲೆ ಪೆನ್ಸಿಲು ಹಿಡಿದು ಬಾಗಿಲ ಹಿಂದೆ ಹೋದರೆ, ಅಕ್ಟೋಬರ್ 5ರ ಚೌಕದಲ್ಲಿ ಆಗಲೇ ಗುರುತು ಉಂಟು. ಮೀನಿನ ಬಾಕ್ಸಿಗೆ ನಂಬರ್ ಹಾಕುವ ನೀಲಿ ಮಾರ್ಕರಿನಲ್ಲಿ ಇಷ್ಟು ದೊಡ್ಡ ಗುರುತು, 6ಕ್ಕೂ 12ಕ್ಕೂ ಮೆತ್ತಿದೆ.

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಎರಡು ತಿಂಗಳಿಂದ ಬಸ್ಸಿನಿಂದ ಡಬ್ಬಿ ಇಳಿಸಿ ತರುವವನು ನಾನು, ಒಳಗೆ ಕಾಗದ ಸದ್ದು ಮಾಡುತ್ತದೆ, ಓದಿಲ್ಲ ಎಂದರು. ನನಗೆ ಮಂದ ಇರುವುದು ಕಿವಿ ಮಾತ್ರ, ಮನೆಯ ಕ್ಯಾಲೆಂಡರ್ ಕಾಣುತ್ತದೆ ಎಂದರು.

ಮತ್ತೆ ಊಟಕ್ಕೆ ಕೂತವರು ಕೈ ತೊಳೆದು ಹಾಗೇ ಕೂತರು. ಬಡಿಸಿದ್ದನ್ನು ಮುಟ್ಟಲಿಲ್ಲ.

"ಬೋಟಿನ ಇಂಜಿನ್ ಒಮ್ಮೆ ಕೆಮ್ಮಿದರೆ ಮಲ್ಪೆಯಿಂದ ಮೆಕ್ಯಾನಿಕ್ ಕರೆಸುತ್ತಿದ್ದೆ ನಳಿನಾ. ಆರು ವರ್ಷ ನಿನ್ನನ್ನು ಯಾಕೆ ನಾನು ಕರೆದುಕೊಂಡು ಹೋಗಲಿಲ್ಲ?"

ಅವರ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕಿದೆ. ಇಬ್ಬರೂ ಉಂಡೆವು. ಮೂವತ್ತು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ನಿನ್ನೆಯೇ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಹಿಂದೆ ಮೊಳೆ ಮಾತ್ರ ಉಂಟು. ಕ್ಯಾಲೆಂಡರನ್ನು ಚಾವಡಿಗೆ ತಂದು ಟಿವಿ ಪಕ್ಕದಲ್ಲಿ ತೂಗಿಸಿದ್ದಾರೆ. ಬಲೆಯ ಕೆಲಸಕ್ಕೆ ಹತ್ತು ಜನ ಬರುವ ಜಾಗ. ಇದು ಯಾರ ಗುರುತು ಅಂತ ಯಾರಾದರೂ ಕೇಳಿದರೆ ಎಂತ ಹೇಳುವುದು ಎಂದೆ. ಇಷ್ಟು ವರ್ಷ ನಿನ್ನನ್ನು "ನಿನ್ನ ತಂಗಿಯ ಮಗಳು" ಎಂದೇ ಕರೆದ ಮನುಷ್ಯ ಟೊಪ್ಪಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹೊರಗೆ ಹೋಗುತ್ತಾ ಹೇಳಿದರು.

"ನಮ್ಮ ಮಗಳದ್ದು ಅಂತ ಹೇಳು."

ಡಬ್ಬಿಯಲ್ಲಿ ಬಂಗುಡೆ ಉಂಟು, ಮುಳ್ಳು ನೋಡಿ ತಿನ್ನು. ನೀಲಿ ಮಾರ್ಕರ್ ಟಿವಿಯ ಮೇಲೆ ಇಟ್ಟಿದ್ದೇನೆ. ನವೆಂಬರಿನ ಗುರುತು ದೀಪಾವಳಿ ರಜೆ ಮುಗಿದ ಮೇಲಾದರೂ ಒಂದು ಭಾನುವಾರ ನೀನೇ ಬಂದು ಹಾಕು.

ದೊಡ್ಡಮ್ಮ